ಕೊರಿಯಾದ ಕೆಂಡದ ಮುಂದೆ ಕೂತವರೇ, ನಿಮ್ಮ ನಾಲಿಗೆ ಎಲ್ಲಿ?

ಕನ್ನಡದ ತರುಣ ಮಿತ್ರರೇ,

ಶನಿವಾರ ಸಂಜೆಯಾದರೆ ಸಾಕು, ನಾಲ್ಕೈದು ಜನ ಗುಂಪು ಕಟ್ಟಿಕೊಂಡು ಕೊರಿಯನ್ ಬಾರ್ಬೆಕ್ಯೂ ಹೋಟೆಲಿಗೆ ಹೊರಡುತ್ತೀರಿ. ಮೇಜಿನ ನಡುವೆ ಒಲೆ, ಒಲೆಯ ಮೇಲೆ ಜಾಲರಿ, ಜಾಲರಿಯ ಮೇಲೆ ಚುಂಯ್‌ಗುಟ್ಟುವ ಹಂದಿ ಮಾಂಸದ ಪಟ್ಟಿ. ಇಕ್ಕಳದಲ್ಲಿ ಎತ್ತಿ ಹಿಡಿದು ಕತ್ತರಿಯಲ್ಲಿ ಕತ್ತರಿಸುತ್ತೀರಿ. ಸುತ್ತ ಹತ್ತು ಪುಟ್ಟ ಬಟ್ಟಲು. ತಿನ್ನುವ ಮೊದಲು ಇಪ್ಪತ್ತು ಫೋಟೋ. ಬಿಲ್ಲು ಬಂದ ಮೇಲೆ ತಲಾ ಇಷ್ಟು ಎಂದು ಭಾಗ ಹಾಕಿ ಫೋನಿನಲ್ಲೇ ಹಣ ಕಳಿಸುತ್ತೀರಿ. ಹೋಗಿ, ಧಾರಾಳವಾಗಿ ತಿನ್ನಿ. ದುಡಿದ ದುಡ್ಡು ನಿಮ್ಮದು, ಹಸಿದ ಹೊಟ್ಟೆ ನಿಮ್ಮದು. ಬೇಡ ಎನ್ನಲು ನಾನೇನು ನಿಮ್ಮ ಹಾಸ್ಟೆಲಿನ ವಾರ್ಡನ್ ಅಲ್ಲ.

ನನ್ನ ಜಗಳ ಇರುವುದು ನಿಮ್ಮ ನಾಲಿಗೆಯ ಜೊತೆ! ಕೊರಿಯಾದ ಮಾಂಸದ ಹೆಸರನ್ನು ಧಾರಾವಾಹಿ ನೋಡಿ ನೋಡಿ, ಹತ್ತು ಸಲ ಅಭ್ಯಾಸ ಮಾಡಿ ಅಚ್ಚುಕಟ್ಟಾಗಿ ಹೇಳುವ ನಾಲಿಗೆ ನಿಮ್ಮದು. ಅದೇ ನಾಲಿಗೆ ಪಕ್ಕದಲ್ಲಿ ನಿಂತ ಹುಡುಗನ ಹತ್ತಿರ ಕನ್ನಡದಲ್ಲಿ ಒಂದು ಲೋಟ ನೀರು ಕೇಳಲು ನಾಚುತ್ತದೆ. ಯಾಕೆ ಸ್ವಾಮಿ? ಇದೊಂದೇ ಪ್ರಶ್ನೆ ಕೇಳಲು ಈ ಬರಹ.

ನಾನು ಪಂಡಿತನಲ್ಲ. ಪಿಯುಸಿಗೆ ಓದು ನಿಲ್ಲಿಸಿ ಅಚ್ಚುಕೂಟ ಸೇರಿದವನು. ಈಗ ಸ್ವಂತದ್ದೊಂದು ಪ್ರೆಸ್ಸು. ಮದುವೆ ಕಾಗದ, ಬಿಲ್ ಬುಕ್ಕು, ಕರಪತ್ರ, ಹೋಟೆಲುಗಳ ಮೆನು ಕಾರ್ಡು ಅಚ್ಚು ಹಾಕಿ ಜೀವನ ಸಾಗಿಸುವವನು. ಅಕ್ಷರವೇ ನನಗೆ ಅನ್ನ. ಹಾಗಾಗಿ ಅನ್ನ ತಿನ್ನುವ ಜಾಗದಲ್ಲಿ ಅಕ್ಷರಕ್ಕೆ ಅವಮಾನವಾದರೆ ಅದು ಮೊದಲು ಕಾಣುವುದು ನನ್ನಂಥವನ ಕಣ್ಣಿಗೆ.

ಕಸಾಯಿಖಾನೆಯ ಮಾತು ಲೋಕದ ಮಾತಾಯಿತು

ನೀವು ತಿನ್ನುತ್ತಿರುವುದು ಏನು ಅಂತ ಮೊದಲು ತಿಳಿಯೋಣ. "ಸಮ್‌ಗ್ಯೊಪ್ಸಾಲ್" ಎಂದು ಬಾಯಿ ತುಂಬ ಹೇಳುತ್ತೀರಲ್ಲ, ಅರ್ಥ ಗೊತ್ತೆ? ಸಮ್ ಅಂದರೆ ಮೂರು, ಗ್ಯೊಪ್ ಅಂದರೆ ಪದರ, ಸಾಲ್ ಅಂದರೆ ಮಾಂಸ. ಮೂರು ಪದರದ ಮಾಂಸ, ಅಷ್ಟೇ! ಹಂದಿಯ ಹೊಟ್ಟೆಯ ಭಾಗದಲ್ಲಿ ಮಾಂಸವೂ ಕೊಬ್ಬೂ ಪದರ ಪದರವಾಗಿ ಕಾಣುವುದರಿಂದ ಆ ಹೆಸರು. "ಬುಲ್ಗೋಗಿ"? ಬುಲ್ ಅಂದರೆ ಬೆಂಕಿ, ಗೋಗಿ ಅಂದರೆ ಮಾಂಸ. "ಗಾಲ್ಬಿ" ಅಂದರೆ ಪಕ್ಕೆಲುಬು. ಈ ಇಡೀ ಬಗೆಯ ಅಡುಗೆಗೆ ಅವರ ಭಾಷೆಯಲ್ಲಿ "ಗೋಗಿಗುಯಿ" ಎನ್ನುತ್ತಾರೆ. ಮಾಂಸ ಸುಟ್ಟದ್ದು ಎಂದರ್ಥ.

ಗಮನಿಸಿ ಮಿತ್ರರೇ. ಇದರಲ್ಲಿ ರಾಯಲ್ ಇಲ್ಲ, ಡಿಲೈಟ್ ಇಲ್ಲ, ಫ್ಯೂಷನ್ ಇಲ್ಲ. ಇದು ಮಾಂಸದ ಅಂಗಡಿಯ ಮಾತು, ಅಡುಗೆಮನೆಯ ಮಾತು, ಅಜ್ಜಿಯ ಮಾತು. ಆ ಜನ ತಮ್ಮ ಅಜ್ಜಿಯ ಮಾತಿಗೆ ಕೋಟು ತೊಡಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಲೋಕದ ಮುಂದೆ ಇಟ್ಟರು, ಲೋಕವೇ ನಾಲಿಗೆ ತಿರುಗಿಸಿ ಕಲಿತುಕೊಂಡಿತು. 2021ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಒಂದೇ ಕಂತಿನಲ್ಲಿ ಕೊರಿಯನ್ ಮೂಲದ 26 ಪದಗಳನ್ನು ಸೇರಿಸಿಕೊಂಡಿತು. ಬುಲ್ಗೋಗಿ, ಗಾಲ್ಬಿ, ಸಮ್‌ಗ್ಯೊಪ್ಸಾಲ್, ಬಾಂಚಾನ್ ಎಲ್ಲವೂ ಅದರಲ್ಲಿವೆ. ಕೊರಿಯಾದವನು ಇಂಗ್ಲಿಷಿನವನ ಬಾಗಿಲಲ್ಲಿ ಕೈ ಚಾಚಿ ನಿಲ್ಲಲಿಲ್ಲ, ಇಂಗ್ಲಿಷಿನವನೇ ಕೊರಿಯಾದವನ ಒಲೆಯ ಹತ್ತಿರ ಬಂದು ಪದ ಎತ್ತಿಕೊಂಡು ಹೋದ!

ನಮ್ಮ ಕತೆ ಏನು? ಸಾರು ನಮ್ಮ ಬೀದಿ ದಾಟುವ ಮೊದಲೇ "ರಸಂ" ಆಯಿತು. ಮೊಸರನ್ನ "ಕರ್ಡ್ ರೈಸ್" ಆಯಿತು. ಚಿತ್ರಾನ್ನ "ಲೆಮನ್ ರೈಸ್", ಬರೀ ಅನ್ನ "ವೈಟ್ ರೈಸ್", ಮುದ್ದೆ "ರಾಗಿ ಬಾಲ್". ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನೇ, ಬೆಂಗಳೂರಿನ ಹೋಟೆಲಿನಲ್ಲೇ, ಕನ್ನಡದ ಮಾಣಿಯ ಮುಂದೆಯೇ ಹೀಗೆ ಕೇಳುತ್ತಾನೆ. ಕೊರಿಯಾದವನ ಮೂರು ಪದರದ ಮಾಂಸ ಆಕ್ಸ್‌ಫರ್ಡಿಗೆ ಹೋಯಿತು. ನಮ್ಮ ಅನ್ನಕ್ಕೆ ನಮ್ಮ ಬಾಯಲ್ಲೇ ಜಾಗವಿಲ್ಲ. ಇದಕ್ಕಿಂತ ದೊಡ್ಡ ನಿರಭಿಮಾನ ಬೇಕೆ?

ಆ ಮೇಜು ನಮಗೆ ಪರಕೀಯವೇ?

ಕೊರಿಯಾದ ಊಟ ಅಂದರೆ ಏನೋ ಬೇರೆ ಲೋಕದ್ದು ಅಂದುಕೊಂಡಿದ್ದೀರಿ. ಕಣ್ಣು ಬಿಟ್ಟು ನೋಡಿ. ಮಾಂಸದ ಸುತ್ತ ಇಡುವ ಪುಟ್ಟ ಬಟ್ಟಲುಗಳಿವೆಯಲ್ಲ, ಅವೇ ಬಾಂಚಾನ್. ಬೇಯಿಸಿದ ಸೊಪ್ಪು, ಮೊಳಕೆ ಕಾಳು, ಮೂಲಂಗಿ, ಹುದುಗಿಸಿದ ಎಲೆಕೋಸಿನ ಕಿಮ್ಚಿ. ಅವರ ಊರಿನಲ್ಲಿ ಇದಕ್ಕೆ ಸಾಮಾನ್ಯವಾಗಿ ಬೇರೆ ಕಾಸಿಲ್ಲ, ಮುಗಿದರೆ ಇನ್ನೊಮ್ಮೆ ತಂದಿಡುತ್ತಾರೆ. ನಮ್ಮ ಹುಬ್ಬಳ್ಳಿ, ಧಾರವಾಡ, ವಿಜಯಪುರದ ಖಾನಾವಳಿಗಳಲ್ಲಿ ಜೋಳದ ರೊಟ್ಟಿಯ ಪಕ್ಕ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಈರುಳ್ಳಿ, ಸೊಪ್ಪಿನ ಪಚಡಿ ಬಂದು ಕೂರುವುದಿಲ್ಲವೆ? ನಮ್ಮ ಬಾಳೆಎಲೆಯ ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಸಾಲಾಗಿ ಬೀಳುವುದಿಲ್ಲವೆ? ಎರಡರ ಹಿಂದೆ ಇರುವ ಬುದ್ಧಿಯೂ ಒಂದೇ. ನಡುವೆ ಒಂದು ಹೊಟ್ಟೆ ತುಂಬಿಸುವ ಪದಾರ್ಥ, ಸುತ್ತ ನಾಲಿಗೆ ಎಚ್ಚರಿಸುವ ಹತ್ತು ರುಚಿ.

ಸುಟ್ಟ ಮಾಂಸವನ್ನು ಹಸಿ ಎಲೆಯಲ್ಲಿಟ್ಟು, ಬೆಳ್ಳುಳ್ಳಿ, ಹುದುಗಿಸಿದ ಸೋಯಾ ಕಾಳಿನ ಖಾರದ ಗೊಜ್ಜು ಸವರಿ ಮಡಿಸಿ ಒಂದೇ ತುತ್ತಿಗೆ ಬಾಯಿಗಿಡುತ್ತಾರೆ. ಅದಕ್ಕೆ "ಸ್ಸಾಮ್" ಎಂದು ಹೆಸರು. ಸುತ್ತಿದ್ದು ಎಂದರ್ಥ. ವೀಳ್ಯದೆಲೆಗೆ ಸುಣ್ಣ ಸವರಿ ಅಡಿಕೆ ಇಟ್ಟು ಮಡಿಸುವ ಕೈಗೆ ಅದೇನು ಹೊಸದೆ? ಹಿರಿಯರು ಚಮಚ ಎತ್ತುವ ತನಕ ಕಿರಿಯರು ಕಾಯುತ್ತಾರೆ. ಹಿರಿಯರಿಗೆ ಬಡಿಸುವಾಗ, ಸುರಿಯುವಾಗ ಎರಡು ಕೈ ಬಳಸುತ್ತಾರೆ. ಪರಿಚಿತರು ಎದುರಾದರೆ "ಬಾಪ್ ಆಯಿತೆ?" ಎಂಬ ಅರ್ಥದಲ್ಲಿ ಕುಶಲ ಕೇಳುತ್ತಾರೆ. ಬಾಪ್ ಅಂದರೆ ಅನ್ನವೂ ಹೌದು, ಊಟವೂ ಹೌದು. "ಊಟ ಆಯ್ತಾ?" ಎಂದು ಬೀದಿಯಲ್ಲಿ ಕೇಳುವ ಜನ ನಾವೊಬ್ಬರೇ ಎಂದು ತಿಳಿದಿದ್ದೀರಾ? ಅವರ ಮಾತಿನ ಕಟ್ಟೂ ನಮ್ಮದರಂತೆಯೇ, ಕ್ರಿಯಾಪದ ಕೊನೆಗೆ. "ನಾನು ಊಟ ಮಾಡಿದೆ" ಎಂಬ ಕ್ರಮದಲ್ಲೇ ಅವರೂ ಹೇಳುತ್ತಾರೆ.

ಇಷ್ಟು ಹತ್ತಿರದ ಮೇಜಿನಲ್ಲಿ ಕೂತೂ ನೀವು ಇಂಗ್ಲಿಷಿನಲ್ಲೇ ಬೆವರುತ್ತೀರಲ್ಲ!

"ಇಮೋ" ಎಲ್ಲಿ, "ಭಯ್ಯಾ" ಎಲ್ಲಿ

ಸಿಯೋಲ್ ನಗರದ ಹಳೆಯ ಕಾಲದ ಸುಟ್ಟ ಮಾಂಸದ ಹೋಟೆಲುಗಳಲ್ಲಿ ಬಡಿಸುವ ನಡುವಯಸ್ಸಿನ ಹೆಂಗಸನ್ನು ಗಿರಾಕಿಗಳು "ಇಮೋ!" ಎಂದು ಕರೆಯುವುದುಂಟು. ಇಮೋ ಅಂದರೆ ಯಾರು ಗೊತ್ತೆ? ತಾಯಿಯ ಸೋದರಿ. ನಮ್ಮ ಚಿಕ್ಕಮ್ಮ, ದೊಡ್ಡಮ್ಮ! "ಚಿಕ್ಕಮ್ಮಾ, ಇನ್ನೊಂದಿಷ್ಟು ಕಿಮ್ಚಿ" ಎಂದು ಕೇಳುತ್ತಾರೆ ಅಲ್ಲಿ. ದುಡ್ಡು ಕೊಟ್ಟು ತಿನ್ನುವ ಜಾಗದಲ್ಲೂ ನಂಟು ಬಿಡದ ಜನ.

ನಮ್ಮಲ್ಲೂ ಹೀಗೇ ಇತ್ತು. "ಅಣ್ಣಾ, ಸ್ವಲ್ಪ ಸಾಂಬಾರ್ ಹಾಕಣ್ಣ", "ತಮ್ಮಾ, ಒಂದು ಬೈಟು ಕಾಫಿ", "ಅಕ್ಕಾ, ಎರಡು ಮುದ್ದೆ". ಈಗ ಹೊಸ ಹೋಟೆಲಿನ ಬಾಗಿಲು ದಾಟಿದ ಕೂಡಲೇ ನಿಮ್ಮ ಬಾಯಲ್ಲಿ "ಎಕ್ಸ್‌ಕ್ಯೂಸ್ ಮೀ", ಇಲ್ಲವೆ "ಭಯ್ಯಾ". ಬಡಿಸುವ ಹುಡುಗ ಅಸ್ಸಾಮಿನವನೋ ಒಡಿಶಾದವನೋ ಆಗಿರಬಹುದು, ಅವನ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆಪಾಡಿಗೆ ಸಾವಿರಾರು ಮೈಲಿ ಬಂದ ಬಡವ ಅವನು. ಅವನ ಮೇಲೆ ಕೂಗಾಡುವುದು ಕನ್ನಡಾಭಿಮಾನವಲ್ಲ, ಪುಂಡತನ. ಆದರೆ ಎಷ್ಟೋ ಸಲ ಆ ಹುಡುಗ ರಾಯಚೂರಿನವನೋ ಚಾಮರಾಜನಗರದವನೋ ಆಗಿರುತ್ತಾನೆ. ನೀವು ಹಿಂದಿಯಲ್ಲಿ ಕೇಳುತ್ತೀರಿ, ಅವನು ಹಿಂದಿಯಲ್ಲಿ ತಡವರಿಸುತ್ತಾನೆ. ಇಬ್ಬರು ಕನ್ನಡಿಗರು, ಕನ್ನಡದ ನೆಲದಲ್ಲಿ, ಕೊರಿಯಾದ ಒಲೆಯ ಮುಂದೆ, ಇಬ್ಬರಿಗೂ ಸರಿಯಾಗಿ ಬಾರದ ಭಾಷೆಯಲ್ಲಿ ನೀರು ಕೇಳಿ ನೀರು ಕೊಡುತ್ತಾರೆ! ಇದನ್ನು ನೋಡಿ ನಗಬೇಕೋ ಅಳಬೇಕೋ?

ಒಂದು ಸಲ "ತಮ್ಮಾ" ಎಂದು ಕರೆದು ನೋಡಿ. ಅವನು ಕನ್ನಡದವನಾದರೆ ಮುಖ ಅರಳುತ್ತದೆ. ಅಲ್ಲದಿದ್ದರೆ ಒಂದು ಪದ ಕಲಿಯುತ್ತಾನೆ. ನಷ್ಟ ಯಾರಿಗೆ?

ಆ ಹೆಸರು ಪುಕ್ಕಟೆ ಉಳಿಯಲಿಲ್ಲ

"ಕೊರಿಯಾದವರಿಗೇನು ಸಾರ್, ದುಡ್ಡಿದೆ, ಸಿನಿಮಾ ಇದೆ, ಹಾಡು ಇದೆ, ಅದಕ್ಕೇ ಅವರ ಪದ ನಡೆಯುತ್ತದೆ" ಎನ್ನುತ್ತೀರಿ. ಅದು ಅರ್ಧ ಸತ್ಯ. ದುಡ್ಡು ಬರುವುದಕ್ಕೆ ಮೊದಲೇ ಅವರು ಭಾಷೆಗಾಗಿ ರಕ್ತ ಸುರಿಸಿದ್ದರು. ಕೇಳಿ.

1443ರಲ್ಲಿ ಸೆಜೊಂಗ್ ಎಂಬ ದೊರೆ ಸಾಮಾನ್ಯ ಜನ ಸುಲಭವಾಗಿ ಓದಿ ಬರೆಯಲೆಂದು ಹೊಸ ಲಿಪಿ ರೂಪಿಸಿದ. 1446ರಲ್ಲಿ ಲೋಕಕ್ಕೆ ಸಾರಿದ. ಅದೇ ಇವತ್ತಿನ ಹಂಗುಲ್ ಲಿಪಿ. ಆಗ ಆಸ್ಥಾನದ ಪಂಡಿತರು ಏನು ಮಾಡಿದರು ಗೊತ್ತೆ? 1444ರಲ್ಲಿ ಚ್ವೆ ಮಾನ್ರಿ ಎಂಬ ದೊಡ್ಡ ವಿದ್ವಾಂಸನ ಮುಂದಾಳತ್ವದಲ್ಲಿ ದೊರೆಗೇ ವಿರೋಧದ ಪತ್ರ ಕೊಟ್ಟರು. ಚೀನಾದ ಅಕ್ಷರ ಬಿಟ್ಟರೆ ನಾವು ಅನಾಗರಿಕರಾಗುತ್ತೇವೆ ಎಂಬುದು ಅವರ ವಾದ. ಎಲ್ಲೋ ಕೇಳಿದಂತಿದೆಯಲ್ಲ? "ಇಂಗ್ಲಿಷ್ ಬಿಟ್ಟರೆ ನಾವು ಹಳ್ಳಿಗುಗ್ಗುಗಳಾಗುತ್ತೇವೆ" ಎನ್ನುವ ನಮ್ಮ ಅಪಾರ್ಟ್‌ಮೆಂಟಿನ ಪಂಡಿತರು ಆ ಮಾನ್ರಿಯ ಮೊಮ್ಮಕ್ಕಳೇ. ಸರ್ಕಾರಿ ಕಡತಗಳಿಗೆ ಹಂಗುಲ್ ಬರಲು 1894ರ ತನಕ ಕಾಯಬೇಕಾಯಿತು.

ಅಷ್ಟರಲ್ಲಿ ಜಪಾನ್ ಬಂದು ಕೂತಿತು. 1910ರಿಂದ 1945ರ ತನಕ ಕೊರಿಯಾ ಜಪಾನಿನ ಗುಲಾಮ ದೇಶ. 1938ರ ಹೊತ್ತಿಗೆ ಶಾಲೆಗಳಿಂದ ಕೊರಿಯನ್ ಭಾಷೆಯನ್ನು ಹೊರದೂಡಲು ಶುರು ಮಾಡಿದರು. 1940ರಲ್ಲಿ ಜನ ತಮ್ಮ ಮನೆತನದ ಹೆಸರು ಬಿಟ್ಟು ಜಪಾನಿ ಹೆಸರು ಇಟ್ಟುಕೊಳ್ಳುವಂತೆ ಒತ್ತಾಯ ಬಂತು. ಅದೇ ವರ್ಷ ಕೊರಿಯನ್ ಭಾಷೆಯ ದೊಡ್ಡ ದಿನಪತ್ರಿಕೆಗಳನ್ನು ಮುಚ್ಚಿಸಿದರು. 1942ರಲ್ಲಿ, ನಿಘಂಟು ಬರೆಯುತ್ತಿದ್ದ ತಪ್ಪಿಗೆ ಕೊರಿಯನ್ ಭಾಷಾ ಸಂಘದವರನ್ನು ಜೈಲಿಗೆ ಹಾಕಿದರು. ಇಬ್ಬರು ಜೈಲಿನಲ್ಲೇ ಪ್ರಾಣ ಬಿಟ್ಟರು. ಹೌದು, ನಿಘಂಟಿಗಾಗಿ! ಪೊಲೀಸರು ಹೊತ್ತೊಯ್ದ ಆ ಹಸ್ತಪ್ರತಿ, ದೇಶ ಬಿಡುಗಡೆಯಾದ ಮೇಲೆ 1945ರ ಸೆಪ್ಟೆಂಬರಿನಲ್ಲಿ ಸಿಯೋಲ್ ರೈಲು ನಿಲ್ದಾಣದ ಗೋದಾಮಿನಲ್ಲಿ ಸಿಕ್ಕಿತು. 1947ರಲ್ಲಿ ಮೊದಲ ಸಂಪುಟ ಅಚ್ಚಾಯಿತು, 1957ಕ್ಕೆ ಆರು ಸಂಪುಟ ಪೂರ್ತಿಯಾಯಿತು. ನಡುವೆ ಮೂರು ವರ್ಷದ ಘೋರ ಯುದ್ಧ ಬೇರೆ. ಊರು ಸುಟ್ಟು ಬೂದಿಯಾಗಿದ್ದಾಗಲೂ ನಿಘಂಟಿನ ಪ್ರೂಫ್ ತಿದ್ದಿದ ಜನ ಅವರು. ಅಚ್ಚಿನವನಾದ ನನಗೆ ಇದನ್ನು ಓದಿದಾಗ ಮೈ ಜುಂ ಎಂದಿತು.

ನೀವು ಬಾಯಿ ಚಪ್ಪರಿಸುವ ಆ "ಗಾಲ್ಬಿ", ಆ "ಬುಲ್ಗೋಗಿ" ಇಂಥ ಬೆಂಕಿಯಲ್ಲಿ ಬೆಂದು ಉಳಿದ ಪದಗಳು. ಹೆಸರು ಕಳಕೊಂಡರೆ ಏನಾಗುತ್ತದೆ ಎಂಬುದಕ್ಕೂ ಅವರ ಊಟದಲ್ಲೇ ಉದಾಹರಣೆ ಇದೆ. ಜಪಾನಿಗೆ ಹೋಗಿ ನೆಲೆಸಿದ ಬಡ ಕೊರಿಯನ್ನರು 1945ರ ನಂತರ ಪುಟ್ಟ ಅಂಗಡಿಗಳಲ್ಲಿ ಮಾಂಸ, ಕರುಳು ಸುಟ್ಟು ಮಾರಿ ಬದುಕಿದರು. ಅಲ್ಲಿ ಆ ಊಟ "ಯಾಕಿನಿಕು" ಎಂಬ ಜಪಾನಿ ಹೆಸರಿನಲ್ಲಿ ಬೆಳೆಯಿತು. ಇವತ್ತು ಲೋಕದ ಎಷ್ಟೋ ಜನ ಅದನ್ನು ಜಪಾನಿನದೇ ಊಟ ಎಂದು ತಿನ್ನುತ್ತಾರೆ. ಒಲೆಯ ಮುಂದೆ ಬೆವರಿದವನ ನೆನಪು ಹೆಸರಿನ ಜೊತೆಗೇ ಜಾರಿ ಹೋಯಿತು. ಕಿಮ್ಚಿಯ ವಿಷಯದಲ್ಲಿ ಕೊರಿಯಾ ಎಚ್ಚರಗೊಂಡಿತು. ಜಪಾನ್ ತನ್ನ "ಕಿಮುಚಿ"ಯನ್ನು ಮಾರುಕಟ್ಟೆಗೆ ಬಿಟ್ಟಾಗ, ಕೊರಿಯಾ ಅಂತಾರಾಷ್ಟ್ರೀಯ ಆಹಾರ ಮಟ್ಟಗಳನ್ನು ಗೊತ್ತುಮಾಡುವ ಕೋಡೆಕ್ಸ್ ಸಂಸ್ಥೆಯ ತನಕ ವಾದ ಒಯ್ದು, 2001ರಲ್ಲಿ "ಕಿಮ್ಚಿ" ಎಂಬ ಹೆಸರಿಗೇ ಮುದ್ರೆ ಒತ್ತಿಸಿತು. ಒಂದು ಉಪ್ಪಿನಕಾಯಿಯಂಥ ಪದಾರ್ಥದ ಹೆಸರಿಗೆ ಅಷ್ಟು ಹೋರಾಟ!

ಹಾಗಂತ ಅವರನ್ನು ದೇವರ ಪಟದ ಪಕ್ಕ ಇಟ್ಟು ಪೂಜಿಸಬೇಕಿಲ್ಲ. ಕಂಪನಿಯ ಊಟದ ಹೆಸರಿನಲ್ಲಿ ಮೇಲಧಿಕಾರಿ ಕಿರಿಯರಿಗೆ ಬಲವಂತವಾಗಿ ಕುಡಿಸುವ ಕೆಟ್ಟ ಚಾಳಿ ಅವರಲ್ಲಿತ್ತು, ಅದನ್ನು ಅಲ್ಲಿನ ತರುಣರೇ ಈಗ ತಿರಸ್ಕರಿಸುತ್ತಿದ್ದಾರೆ. ಅಕ್ಷರ ದಿನವಾದ ಅಕ್ಟೋಬರ್ 9ರ ಸರ್ಕಾರಿ ರಜೆಯನ್ನು 1991ರಲ್ಲಿ ಅವರೇ ಕಿತ್ತು ಹಾಕಿದ್ದರು. ಜನರ ಒತ್ತಾಯಕ್ಕೆ 2013ರಲ್ಲಿ ಮತ್ತೆ ಬಂತು. ಸಿಯೋಲ್‌ನ ಹೊಸ ಕಾಫಿ ಅಂಗಡಿಗಳಲ್ಲೂ ಬರೀ ಇಂಗ್ಲಿಷ್ ಮೆನು ಇಡುವ ರೋಗ ಕಾಣಿಸಿಕೊಂಡಿದೆ. ಆದರೆ ವ್ಯತ್ಯಾಸ ನೋಡಿ. ಅಲ್ಲಿ ಹಾಗೆ ಮಾಡಿದರೆ ಜನ ಪ್ರಶ್ನೆ ಕೇಳುತ್ತಾರೆ, ಪತ್ರಿಕೆಗಳು ಬರೆಯುತ್ತವೆ. "ನಮ್ಮ ತಾಯಿ ಇದನ್ನು ಹೇಗೆ ಓದಬೇಕು?" ಎಂದು ಕೇಳುವ ಮಕ್ಕಳಿದ್ದಾರೆ. ಇಲ್ಲಿ?

ಮೆನು ಕಾರ್ಡಿನಲ್ಲಿ ನಡೆಯುವ ಕೊಲೆ

ಈಗ ನನ್ನ ಕಸುಬಿಗೆ ಬರುತ್ತೇನೆ. ಏಷ್ಯಾದ ಹಲವು ದೇಶಗಳ ತಿಂಡಿ ಮಾರುವ ಹೋಟೆಲೊಂದರ ಮಾಲೀಕರು ಮೆನು ಕಾರ್ಡು ಅಚ್ಚು ಹಾಕಿಸಲು ನಮ್ಮ ಪ್ರೆಸ್ಸಿಗೆ ಬಂದರು. ಅಪ್ಪಟ ಕನ್ನಡದವರು. ನಾನು ಅವರು ಕೇಳದೆಯೇ ಪ್ರತಿ ತಿಂಡಿಯ ಕೆಳಗೆ ಕನ್ನಡದಲ್ಲಿ ಒಂದೊಂದು ಸಾಲು ಕೂರಿಸಿ ಪ್ರೂಫ್ ತೋರಿಸಿದೆ. "ಸಮ್‌ಗ್ಯೊಪ್ಸಾಲ್: ಹಂದಿಯ ಹೊಟ್ಟೆಯ ಭಾಗದ ಮಾಂಸ, ಕೆಂಡದ ಮೇಲೆ ಸುಟ್ಟದ್ದು" ಎಂಬಂತೆ. ಅವರು ನೋಡಿದರು. ಕೆಂಪು ಪೆನ್ನು ತೆಗೆದು ಕನ್ನಡದ ಸಾಲುಗಳನ್ನೆಲ್ಲ ಹೊಡೆದು ಹಾಕಿದರು. "ಕನ್ನಡ ಹಾಕಿದ್ರೆ ಕ್ಲಾಸ್ ಇರಲ್ಲ ಸಾರ್, ದರ್ಶಿನಿ ಥರ ಕಾಣುತ್ತೆ" ಎಂದರು.

ಆದರೆ ಅದೇ ಕಾರ್ಡಿನ ಅಂಚಿನುದ್ದಕ್ಕೂ ಕೊರಿಯನ್ ಅಕ್ಷರಗಳಿದ್ದವು. ಅದನ್ನು ಮುಟ್ಟಲಿಲ್ಲ. "ಇದರಲ್ಲಿ ಏನು ಬರೆದಿದೆ ಸಾರ್?" ಎಂದು ಕೇಳಿದೆ. "ಗೊತ್ತಿಲ್ಲ, ನೋಡೋಕೆ ಚೆನ್ನಾಗಿದೆ" ಎಂದರು!

ಮಿತ್ರರೇ, ಇನ್ನೊಮ್ಮೆ ಓದಿ. ಮಾಲೀಕನಿಗೂ ಓದಲು ಬಾರದ, ಗಿರಾಕಿಗೂ ಓದಲು ಬಾರದ ಅಕ್ಷರ ಅಲಂಕಾರ. ಊರಿಗೆ ಊರೇ ಓದುವ ಅಕ್ಷರ ಅವಮಾನ! ಕೊರಿಯಾದ ದೊರೆ ಓದು ಬಾರದ ಬಡವನಿಗಾಗಿ ಮಾಡಿದ ಲಿಪಿಯನ್ನು ತಂದು, ಇಲ್ಲಿನ ಓದು ಬಲ್ಲವನನ್ನು ಹೊರಗಿಡಲು ಬಳಸುತ್ತೇವೆ. ಆ ಸೆಜೊಂಗ್ ಬದುಕಿದ್ದರೆ ನಮ್ಮ ಕೆಂಪು ಪೆನ್ನು ಕಿತ್ತುಕೊಂಡು ಕೆನ್ನೆಗೆರಡು ಬಾರಿಸುತ್ತಿದ್ದ.

"ಜಾಗ ಇಲ್ಲ", "ಖರ್ಚು ಜಾಸ್ತಿ" ಎಂಬ ನೆಪ ಹೇಳುವವರಿಗೆ ಅಚ್ಚಿನ ಗುಟ್ಟು ಹೇಳುತ್ತೇನೆ. ಬಣ್ಣದ ಮೆನು ಕಾರ್ಡು ಆಫ್‌ಸೆಟ್‌ನಲ್ಲಿ ಅಚ್ಚಾಗುವುದು ನಾಲ್ಕು ಪ್ಲೇಟಿನಲ್ಲಿ. ನೀಲಿ, ಕೆಂಪು, ಹಳದಿ, ಕಪ್ಪು. ಕಪ್ಪು ಪ್ಲೇಟು ಹೇಗೂ ಇರಲೇಬೇಕು. ಕನ್ನಡದ ಸಾಲು ಅದೇ ಪ್ಲೇಟಿನಲ್ಲಿ ಕೂರುತ್ತದೆ. ಪ್ಲೇಟು ಹೆಚ್ಚಿಲ್ಲ, ಕಾಗದ ಹೆಚ್ಚಿಲ್ಲ, ಲ್ಯಾಮಿನೇಷನ್ ಹೆಚ್ಚಿಲ್ಲ. ಹೆಚ್ಚುವುದು ಒಂದು ಚಿಟಿಕೆ ಮಸಿ, ಡಿಟಿಪಿ ಹುಡುಗನ ಒಂದು ಗಂಟೆಯ ಕೂಲಿ. ಆ ಒಂದು ಗಂಟೆಯ ಕೂಲಿಗೂ ಕನ್ನಡ ಬಾಳುವುದಿಲ್ಲವೆ?

ಇದು ಬರೀ ಅಭಿಮಾನದ ಮಾತು ಎಂದು ತಿಳಿಯಬೇಡಿ. ಮೊದಲ ಸಂಬಳ ಬಂದ ಖುಷಿಗೆ ನೀವು ಅಪ್ಪ ಅಮ್ಮನನ್ನು ಇಂಥ ಹೋಟೆಲಿಗೆ ಕರೆದೊಯ್ಯುತ್ತೀರಿ. ಜೀವಮಾನವೆಲ್ಲ ಕನ್ನಡ ಪೇಪರು ಓದಿ ಊರಿನ ರಾಜಕೀಯವನ್ನೆಲ್ಲ ಬಿಡಿಸಿ ಹೇಳಬಲ್ಲ ಅಪ್ಪ, ಆ ಕಾರ್ಡು ಹಿಡಿದು ಎರಡು ನಿಮಿಷ ತಿರುಗಿಸಿ ನೋಡಿ, ಮೆಲ್ಲನೆ ಮೇಜಿನ ಮೇಲಿಟ್ಟು, "ನೀನೇ ಏನಾದರೂ ಹೇಳಪ್ಪಾ" ಎನ್ನುತ್ತಾರೆ. ಆ ಕ್ಷಣದಲ್ಲಿ ನಿಮ್ಮ ಅಪ್ಪನನ್ನು ಅನಕ್ಷರಸ್ಥನನ್ನಾಗಿ ಮಾಡಿದ್ದು ಯಾರು?

ತಿನ್ನುವುದರಲ್ಲಿ ಏನಿದೆ ಎಂದು ತಿಳಿಯುವುದು ಗಿರಾಕಿಯ ಹಕ್ಕು. ಹಂದಿ ತಿನ್ನದವರಿದ್ದಾರೆ, ದನದ ಮಾಂಸ ತಿನ್ನದವರಿದ್ದಾರೆ, ಸೀಗಡಿ ಮೈಗೆ ಒಗ್ಗದವರಿದ್ದಾರೆ. ಕಿಮ್ಚಿಯನ್ನೇ ತೆಗೆದುಕೊಳ್ಳಿ. ಎಲೆಕೋಸಲ್ಲವೆ ಎಂದು ಸಸ್ಯಾಹಾರಿ ಅಮ್ಮನ ತಟ್ಟೆಗೆ ಬಡಿಸುತ್ತೀರಿ. ಸಾಂಪ್ರದಾಯಿಕ ಕಿಮ್ಚಿಗೆ ಉಪ್ಪು ಹಾಕಿ ಕೊಳೆಸಿದ ಸೀಗಡಿ, ಇಲ್ಲವೆ ಮೀನಿನ ರಸ ಬೀಳುತ್ತದೆ ಎಂದು ಎಷ್ಟು ಜನಕ್ಕೆ ಗೊತ್ತು? ಸಸ್ಯಾಹಾರಿಗಳಿಗೆಂದೇ ಬೇರೆ ಮಾಡುವವರೂ ಇದ್ದಾರೆ, ಆದರೆ ಕೇಳಬೇಕು. ಕನ್ನಡದಲ್ಲಿ ಒಂದು ಸಾಲು ಬರೆದಿದ್ದರೆ ಅಮ್ಮನೇ ಓದಿ ತೀರ್ಮಾನ ಮಾಡುತ್ತಿದ್ದರು. ಭಾಷೆ ಇಲ್ಲದ ಕಡೆ ಅವರ ವ್ರತವೂ ಮುರಿಯುತ್ತದೆ, ನಂಬಿಕೆಯೂ ಮುರಿಯುತ್ತದೆ.

2023ರ ಕೊನೆಯಲ್ಲಿ ಬೆಂಗಳೂರಿನಲ್ಲಿ ನಾಮಫಲಕಕ್ಕಾಗಿ ದೊಡ್ಡ ಹೋರಾಟವೇ ನಡೆಯಿತು. 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂದು ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು ಎಂದಾಯಿತು. ಸಂತೋಷ. ಆದರೆ ಆ ಬೋರ್ಡು ಇರುವುದು ಬಾಗಿಲಿನ ಹೊರಗೆ. ಒಳಗೆ ಕುರ್ಚಿ ಎಳೆದು ಕೂತರೆ ಮೇಜಿನ ಮೇಲೆ ಶೇಕಡಾ ಸೊನ್ನೆ! ಹೊರಗೆ ಕಾನೂನಿನ ಭಯಕ್ಕೆ ಕನ್ನಡ, ಒಳಗೆ ಗಿರಾಕಿಯ ಭಯಕ್ಕೆ ಕನ್ನಡವಿಲ್ಲ. ಆ ಗಿರಾಕಿ ಯಾರು? ನೀವು! "ಕನ್ನಡ ಇದ್ದರೆ ಕ್ಲಾಸ್ ಇರಲ್ಲ" ಎಂದು ಆ ಮಾಲೀಕನಿಗೆ ಕಲಿಸಿದವರು ಹಿಂದಿಯವರೂ ಅಲ್ಲ, ಕೊರಿಯಾದವರೂ ಅಲ್ಲ. ಕನ್ನಡದಲ್ಲಿ ಬಾಯಿ ಬಿಡದ ನೀವೇ ಕಲಿಸಿದ್ದೀರಿ.

ನಮ್ಮ ಹೋರಾಟಗಾರರಿಗೂ ಒಂದು ಮಾತು

ಇಷ್ಟು ಓದಿ ನಮ್ಮ ಬಳಗದ ಕೆಲವರು ತೋಳು ಮಡಚುತ್ತಾರೆಂದು ಗೊತ್ತು. "ಹೌದು ಅಣ್ಣಾ, ಈ ವಿದೇಶಿ ಹೋಟೆಲುಗಳೇ ಬೇಡ, ಮುದ್ದೆ ಸಾರು ತಿನ್ನಲಿ, ನಡೆಯಿರಿ ಮಸಿ ಬಳಿಯೋಣ" ಎನ್ನುತ್ತಾರೆ. ನಿಲ್ಲಿ. ನಾನು ಅದಕ್ಕೂ ವಿರೋಧಿಯೇ.

ನಿಮ್ಮ ಮುದ್ದೆ ಸಾರಿಗೆ ಬಿದ್ದ ಮೆಣಸಿನಕಾಯಿ ಎಲ್ಲಿಯದು? ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗು ತಂದದ್ದು. ಕೊರಿಯಾದವರ ಕಿಮ್ಚಿಯನ್ನು ಕೆಂಪು ಮಾಡಿದ್ದೂ ಆ ಖಂಡದಿಂದ ಹೊರಟ ಮೆಣಸಿನಕಾಯಿಯೇ. ಅವರು ಅದನ್ನು ತಮ್ಮದು ಮಾಡಿಕೊಂಡು "ಗೋಚು" ಎಂದು ಕರೆದರು. ನಮ್ಮ ಹಿರಿಯರು ತಮ್ಮ ಹಳೆಯ ಮೆಣಸಿನ ಹೆಸರನ್ನೇ ಹಿಗ್ಗಿಸಿ "ಮೆಣಸಿನಕಾಯಿ" ಎಂದರು, ಬ್ಯಾಡಗಿಯಲ್ಲಿ ಬೆಳೆದು ಲೋಕಪ್ರಸಿದ್ಧ ಮಾಡಿದರು. ಎರಡೂ ಜನ ಹೊರಗಿನ ಪದಾರ್ಥಕ್ಕೆ ಹೆದರಲಿಲ್ಲ. ಒಳಗಿನ ಹೆಸರನ್ನು ಬಿಡಲೂ ಇಲ್ಲ. ಇದೇ ನಿಜವಾದ ಧೈರ್ಯ. ಬಾಗಿಲು ಮುಚ್ಚುವುದು ಧೈರ್ಯವಲ್ಲ, ಬಾಗಿಲು ತೆಗೆದು ಬಂದವರನ್ನು ನಮ್ಮ ಮಾತಿನಲ್ಲಿ "ಬನ್ನಿ" ಎನ್ನುವುದು ಧೈರ್ಯ.

ಇನ್ನು ಹಂದಿ ಎಂದರೆ ಮೂಗು ಮುರಿಯುವವರು ಕೊಡಗಿನ ಕಡೆ ಒಮ್ಮೆ ನೋಡಲಿ. ಕಾಚಂಪುಳಿ ಹಾಕಿ ಕಪ್ಪಗೆ ಮಾಡುವ ಪಂದಿಕರಿ ಈ ನಾಡಿನದೇ. ನಮ್ಮ ನಾಡಿನ ಊಟ ಎಂದರೆ ಒಂದೇ ಬೀದಿಯ ಊಟ ಅಲ್ಲ. ಅಪರಿಚಿತ ತಟ್ಟೆಯ ಮೇಲೆ ಉಗುಳುವವನು ಕನ್ನಡ ಉಳಿಸುವುದಿಲ್ಲ.

ಈ ಶನಿವಾರದಿಂದಲೇ ಶುರು ಮಾಡಿ

ಹಾಗಾದರೆ ಏನು ಮಾಡಬೇಕು? ಬೀದಿಗಿಳಿಯಬೇಕಿಲ್ಲ, ಕಲ್ಲು ಎತ್ತಬೇಕಿಲ್ಲ. ಹಸಿದುಕೊಂಡು ಹೋಟೆಲಿಗೆ ಹೋಗಿ, ಅಷ್ಟೇ.

ಕೂತ ಕೂಡಲೇ "ಕನ್ನಡದ ಮೆನು ಕೊಡಿ" ಎಂದು ಕೇಳಿ. ಇಲ್ಲ ಎನ್ನುತ್ತಾರೆ. ಬೈಯಬೇಡಿ. ಮಾಲೀಕರನ್ನೋ ಮ್ಯಾನೇಜರನ್ನೋ ಕರೆಸಿ, "ಮುಂದಿನ ಸಲ ಅಪ್ಪ ಅಮ್ಮನನ್ನು ಕರಕೊಂಡು ಬರ್ತೀವಿ, ಅಷ್ಟರೊಳಗೆ ಮಾಡಿಸಿ" ಎಂದು ಹೇಳಿ. ಹಣ ಕೊಡುವ ಗಿರಾಕಿಯ ಮಾತನ್ನು ತಳ್ಳಿಹಾಕುವ ವ್ಯಾಪಾರಿ ಈ ಭೂಮಿಯ ಮೇಲೆ ಹುಟ್ಟಿಲ್ಲ. ಒಬ್ಬ ಕೇಳಿದರೆ ನಗುತ್ತಾನೆ, ಹತ್ತು ಜನ ಕೇಳಿದರೆ ಯೋಚಿಸುತ್ತಾನೆ, ಐವತ್ತು ಜನ ಕೇಳಿದರೆ ನನ್ನಂಥ ಪ್ರೆಸ್ಸಿನವನ ಬಾಗಿಲಿಗೆ ಓಡಿ ಬರುತ್ತಾನೆ.

ಕೊರಿಯನ್ ಹೆಸರನ್ನು ಕೊರಿಯನ್ನಿನಲ್ಲೇ ಹೇಳಿ, ಅದು ಅವರಿಗೆ ಸಲ್ಲುವ ಮರ್ಯಾದೆ. ಮಿಕ್ಕ ಮಾತೆಲ್ಲ ಕನ್ನಡದಲ್ಲಿ ಆಡಿ, ಅದು ನಿಮಗೆ ಸಲ್ಲುವ ಮರ್ಯಾದೆ. "ತಮ್ಮಾ, ಎರಡು ಸಮ್‌ಗ್ಯೊಪ್ಸಾಲ್, ಇನ್ನೊಂದಿಷ್ಟು ಕಿಮ್ಚಿ, ಕುಡಿಯೋಕೆ ನೀರು." ಈ ವಾಕ್ಯದಲ್ಲಿ ಯಾವ ಕ್ಲಾಸು ಕಮ್ಮಿಯಾಯಿತು ಹೇಳಿ ನೋಡೋಣ!

ನಿಮ್ಮಲ್ಲಿ ಕೆಲವರು ಧಾರಾವಾಹಿಯ ಹುಚ್ಚಿಗೆ ಹಂಗುಲ್ ಅಕ್ಷರ ಕಲಿತಿದ್ದೀರಿ. ಭೇಷ್! 24 ಮೂಲ ಅಕ್ಷರ, ಮನಸ್ಸು ಮಾಡಿದರೆ ಬೇಗ ಬರುತ್ತದೆ. ಅದೇ ಕೈಯಲ್ಲಿ ಕನ್ನಡದ ಕಾಗುಣಿತ ಬರೆಯಲು ತಡವರಿಸುವವರು ನಿಮ್ಮಲ್ಲೇ ಇದ್ದೀರಲ್ಲ, ಅವರಿಗೆ ಹೇಳುತ್ತಿದ್ದೇನೆ. ದೂರದ ಕೊರಿಯಾದ ಅಕ್ಷರಕ್ಕೆ ಕೊಟ್ಟ ಒಂದು ವಾರವನ್ನು ಮನೆಯ ಅಕ್ಷರಕ್ಕೂ ಕೊಡಿ. ಅಜ್ಜಿ ಬರೆದಿಟ್ಟ ಹುಳಿಪುಡಿಯ ಅಳತೆಯಾದರೂ ಓದಲು ಬರಲಿ.

ಮತ್ತು ಹೋಟೆಲು ಮಾಲೀಕರೇ, ಈ ಪತ್ರಿಕೆ ನಿಮ್ಮ ಕೈಗೂ ಬರುತ್ತದೆಂದು ಬಲ್ಲೆ. ನಿಮಗೆ ಕನ್ನಡದ ಸಾಲು ಬರೆದುಕೊಡುವವರು ಸಿಗದಿದ್ದರೆ ಈ ಊರಿನ ಯಾವ ಅಚ್ಚುಕೂಟಕ್ಕಾದರೂ ಹೋಗಿ ಕೇಳಿ. ಎಷ್ಟೋ ಮಂದಿ ಪ್ರೆಸ್ಸಿನವರು ಪುಕ್ಕಟೆ ಬರೆದುಕೊಡುತ್ತಾರೆ. ನಾನಂತೂ ಕೊಡುತ್ತೇನೆ. ಒಂದೇ ಷರತ್ತು: ಪ್ರೂಫ್ ನೋಡುವಾಗ ಕೆಂಪು ಪೆನ್ನನ್ನು ಮನೆಯಲ್ಲಿ ಬಿಟ್ಟು ಬನ್ನಿ.

ಕೊನೆಯದಾಗಿ, ತರುಣ ಮಿತ್ರರೇ. ಒಂದು ಜನಾಂಗ ತನ್ನ ಒಲೆಯ ಮಾತಿಗೆ ನಾಚಲಿಲ್ಲ, ಅದಕ್ಕೇ ಅವರ ಒಲೆ ಇವತ್ತು ನಿಮ್ಮ ಮೇಜಿನ ನಡುವೆ ಉರಿಯುತ್ತಿದೆ. ನಿಮ್ಮ ಒಲೆಯ ಮಾತಿಗೆ ನೀವೇ ನಾಚಿದರೆ, ನಾಳೆ ಯಾರ ಮೇಜಿನ ಮೇಲೂ ನೀವು ಇರುವುದಿಲ್ಲ. ನಿಮ್ಮದೇ ಮನೆಯ ಮೇಜಿನ ಮೇಲೂ ಇರುವುದಿಲ್ಲ. ಹಸಿವೆಯನ್ನು ಯಾವ ದೇಶದ ಅಡುಗೆಯಿಂದಲಾದರೂ ತೀರಿಸಿಕೊಳ್ಳಿ, ಆದರೆ ಬಡಿಸು ಎಂದು ಕೇಳುವಾಗ ಕನ್ನಡದಲ್ಲಿ ಕೇಳಿ!